ಯಾರೂ ತೊಡದ ಪದಕ

ಅರಗು ಕಾಯುವಾಗ ಬರುವ ವಾಸನೆ ಈಗಿನ ಎಸಿ ಹಾಕಿದ ಚಿನ್ನದಂಗಡಿಗಳಲ್ಲಿ ಸಿಗುವುದಿಲ್ಲ. ತಳ ಹಿಡಿದ ಬೆಲ್ಲದ ಪಾಕಕ್ಕೂ ಹಳೆಯ ಮರದ ಪೆಟ್ಟಿಗೆಗೂ ನಡುವಿನ ಒಂದು ವಾಸನೆ ಅದು. ಮೂಗಿಗೆ ಬಂದದ್ದು ಹೋಗಿ ಗಂಟಲಲ್ಲಿ ಕೂತುಬಿಡುತ್ತದೆ. ಕಳೆದ ವರ್ಷ ಪುತ್ತೂರಿನ ಪೇಟೆಯ ಹಿಂದಿನ ಓಣಿಯಲ್ಲಿ ಶೀನ ಆಚಾರ್ರು ಒಂದು ಪದಕವನ್ನು ಚಿಮಟದಲ್ಲಿ ಹಿಡಿದು ಅದರ ಬೆನ್ನನ್ನು ಉರಿಯ ಹತ್ತಿರ ತಂದಾಗ ಆ ವಾಸನೆ ಎದ್ದಿತು. ಎಷ್ಟೋ ವರ್ಷಗಳಿಂದ ನಾನು ಮರೆತಿದ್ದ ಚಾವಡಿಯೊಂದು, ಅದರ ತಣ್ಣನೆಯ ನೆಲ, ಗೋಡೆಗೆ ಒರಗಿ ಕೂತ ಅಜ್ಜಿಯ ಬೋಳು ಕೈ, ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಆದರೆ ನಾನು ನೆನಪು ಮಾಡಿಕೊಳ್ಳಲು ಹೋದವಳಲ್ಲ. ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಆ ಪದಕ ಅವಳ ಟ್ರಂಕಿನ ಅಡಿಯಲ್ಲಿ ಹಳೆಯ ರವಕೆಯ ತುಂಡಿನಲ್ಲಿ ಸುತ್ತಿದ್ದು ಸಿಕ್ಕಿತ್ತು. ಅದು ಯಾವ ಕಾಲದ್ದು, ಯಾರ ಕೈಕೆಲಸ ಎಂದು ತಿಳಿಯಬೇಕಿತ್ತು. ಆಚಾರ್ರು ಕೊಡುವ ಉತ್ತರದ ಮೇಲೆ ನನ್ನ ಅಮ್ಮ ಕಳ್ಳಿಯೋ ಅಲ್ಲವೋ ಎಂಬುದು ನಿಂತಿತ್ತು.

ಆಲಂಕಾರಿನಿಂದ ಒಂದೂವರೆ ಮೈಲು ಒಳಗಿದ್ದ ನಮ್ಮ ಮನೆಗೆ ಆಚಾರ್ರ ತಂದೆ ವರ್ಷಕ್ಕೊಮ್ಮೆ ತಾವೇ ಬರುತ್ತಿದ್ದರು. ಚಾವಡಿಯ ಮೂಲೆಯಲ್ಲಿ ಅಗ್ಗಿಷ್ಟಿಕೆ ಹೂಡಿ, ಊದುಕೊಳವೆ ಬಾಯಿಗಿಟ್ಟು, ಸಡಿಲಾದ ಕೊಂಡಿ, ಮುರಿದ ತಿರುಪು, ಉದುರಿದ ಕಲ್ಲು ಎಂದು ಇಡೀ ದಿನ ಕೂತಿರುತ್ತಿದ್ದರು. ಅವರು ಕೂತಷ್ಟು ಹೊತ್ತು ಅಜ್ಜಿಯೂ ಎದುರು ಕೂತಿರಬೇಕು. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿ ನಗುತ್ತಿದ್ದಳು, ಅವರೂ ನಗುತ್ತಿದ್ದರು. ಅಜ್ಜಿಯ ಒಡವೆಗಳಲ್ಲಿ ಹೆಸರು ಹೊತ್ತದ್ದು ಆ ಪದಕ. ಮೇಲೆ ಕೆಂಪು ಕಲ್ಲು ಕೂರಿಸಿದ ನಾಗನ ಹೆಡೆ, ಅದರ ಕೆಳಗೆ ಒಂದು ಪವನು, ಬ್ರಿಟಿಷರ ಕಾಲದ ಚಿನ್ನದ ನಾಣ್ಯ, ಪವನಿನ ಅಂಚಿಗೆ ಸಣ್ಣ ಗುಂಡುಗಳ ಸಾಲು. ಹೆಡೆಯ ಒಳಗೆ ಟೊಳ್ಳು, ಆ ಟೊಳ್ಳಿಗೆ ಅರಗು ತುಂಬಿದ್ದು. ಹಬ್ಬದ ಮುನ್ನಾದಿನ ಅಜ್ಜಿ ಅದನ್ನು ಅಂಟುವಾಳದ ನೊರೆಯಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಒಣಗಲು ಇಡುತ್ತಿದ್ದಳು. ಮಕ್ಕಳಾದ ನಾವು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಅಜ್ಜಿಗೆ ಕಣ್ಣು ಮಂದವಾದ ಮೇಲೆ ಬೀಗದ ಕೈ ದೊಡ್ಡತ್ತೆಯ ಸೊಂಟಕ್ಕೆ ಬಂತು. ದೊಡ್ಡತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಒಬ್ಬಳೇ ಮಗಳು ಸರೋಜಕ್ಕನನ್ನು ಕರೆದುಕೊಂಡು ತವರಿಗೆ ಬಂದು ನಿಂತವರು. ಚುರುಕು ಹೆಂಗಸು, ಗಂಜಿಗೆ ಅಕ್ಕಿ ಅಳೆಯುವುದರಿಂದ ಹಿಡಿದು ಆಳುಗಳಿಗೆ ಎಲೆಯಡಿಕೆ ಕೊಡುವವರೆಗೆ ಎಲ್ಲ ಅವರ ಕೈಯಿಂದಲೇ ಆಗಬೇಕು. ನನ್ನ ಅಮ್ಮ ಕಮಲ, ಆ ಮನೆಯ ಹಿರಿಸೊಸೆ, ಮೆತ್ತಗಿನವಳು. ಮೆತ್ತಗಿನವರಿಗೆ ದೊಡ್ಡ ಮನೆಗಳಲ್ಲಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಸರೋಜಕ್ಕನಿಗೆ ಎಷ್ಟೋ ಕಡೆ ನೋಡಿ, ಎಷ್ಟೋ ಕಡೆ ತಪ್ಪಿ, ಕಡೆಗೆ ಸುಳ್ಯದ ಕಡೆಯ ಒಂದು ಮನೆಗೆ ಮದುವೆ ನಿಶ್ಚಯವಾಯಿತು. ನನಗೆ ಆಗ ಆರು ವರ್ಷ. ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಮದುವೆಗೆ ಮೊದಲು ಮನೆಯ ಒಡವೆಗಳನ್ನೆಲ್ಲ ತೊಳೆಸಿ ಬಣ್ಣ ಹಾಕಿಸುವ ಕ್ರಮ. ಅಷ್ಟು ಕೆಲಸ ಚಾವಡಿಯಲ್ಲಿ ಆಗುವುದಲ್ಲ, ಪುತ್ತೂರಿಗೆ ಒಯ್ಯಬೇಕು. ಅಮ್ಮನ ತವರು ಪುತ್ತೂರಿನ ಬಳಿ ಆದ್ದರಿಂದ ಅವಳನ್ನೇ ಕಳುಹಿಸಿದರು. ಕಪಾಟಿನಿಂದ ಒಡವೆ ತೆಗೆದು ಬಟ್ಟೆಯಲ್ಲಿ ಗಂಟು ಕಟ್ಟಿದವರು ದೊಡ್ಡತ್ತೆ. ಅಮ್ಮ ಬಿಚ್ಚಿ ನೋಡಲಿಲ್ಲ. ಗಂಡನ ಅಕ್ಕ ಕಟ್ಟಿಕೊಟ್ಟದ್ದನ್ನು ಎದುರಲ್ಲೇ ಬಿಚ್ಚಿ ನೋಡಿದರೆ ಅದು ಮರ್ಯಾದೆಯಲ್ಲ ಎಂಬ ಕಾಲ. ಪುತ್ತೂರಿನಲ್ಲಿ ಗಂಟು ಬಿಚ್ಚಿದಾಗ ಪದಕ ಇರಲಿಲ್ಲ. ಹಿರಿಯ ಆಚಾರ್ರು ಆಗಲೇ ಹೇಳಿದರಂತೆ, ಅಕ್ಕ, ಪದಕ ಬರಲಿಲ್ಲವಲ್ಲ ಎಂದು. ಮನೆಯಲ್ಲೇ ಉಳಿದಿರಬೇಕು ಎಂದು ಅಮ್ಮ ವಾಪಸು ಬಂದು ಕೇಳಿದಳು. ಮನೆಯಲ್ಲಿ ಇರಲಿಲ್ಲ. ಗಂಟು ಕಟ್ಟುವಾಗ ಇತ್ತು ಎಂದು ದೊಡ್ಡತ್ತೆ, ಬಿಚ್ಚುವಾಗ ಇಲ್ಲ ಎಂದು ಆಚಾರ್ರು. ನಡುವೆ ಇದ್ದವಳು ಅಮ್ಮ ಒಬ್ಬಳು. ಅಜ್ಜಿ ಒಂದು ಹೊತ್ತು ಊಟ ಬಿಟ್ಟಳು. ಅಪ್ಪ ಏನೂ ಹೇಳಲಿಲ್ಲ. ಅಪ್ಪ ಏನೂ ಹೇಳಲಿಲ್ಲ ಎಂಬುದನ್ನು ಈಗಲೂ ನನಗೆ ಸಮಾಧಾನವಾಗಿ ಬರೆಯಲು ಆಗುವುದಿಲ್ಲ.

ಮದುವೆಗೆ ನೆಂಟರು ಸೇರಿದಾಗ ಸುದ್ದಿಯೂ ಸೇರಿತು. ಹೀಗೆ ಬಾಯಿಂದ ಬಾಯಿಗೆ ಹೋಗುವುದು ಬೇಡ, ಮನೆದೈವದ ಎದುರು ಪ್ರಮಾಣ ಆಗಿಬಿಡಲಿ ಎಂದು ಹೇಳಿದವರು ದೊಡ್ಡತ್ತೆ. ಮನೆಯ ಪಡುಬದಿಯಲ್ಲಿ ದೈವದ ಕೋಣೆ ಇತ್ತು. ಒಳಗೆ ದೈವದ ಉಯ್ಯಾಲೆ, ಕತ್ತಿ, ಪಕ್ಕದಲ್ಲಿ ಒಂದು ಹಲಸಿನ ಮರದ ಪೆಟ್ಟಿಗೆ. ಹರಕೆ ಹೇಳಿಕೊಂಡವರು ತಮ್ಮ ಹರಕೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಆ ಪೆಟ್ಟಿಗೆಯ ಕಿಂಡಿಯಿಂದ ಹಾಕುತ್ತಿದ್ದರು. ಹಾಕಿದ ಗಂಟನ್ನು ಯಾರೂ ಬಿಚ್ಚುವಂತಿಲ್ಲ, ಯಾರದ್ದು ಎಂದು ಕೇಳುವಂತಿಲ್ಲ, ಹಾಕಿದವರು ಹೇಳುವಂತಿಲ್ಲ. ಅದು ನಮ್ಮ ಮನೆಯ ಕಟ್ಟು. ಅಮ್ಮ ಆ ಕೋಣೆಯ ಹೊಸ್ತಿಲ ಹೊರಗೆ ಒದ್ದೆ ಸೀರೆಯಲ್ಲಿ ನಿಂತಿದ್ದಳು. ನಾನು ಅವಳ ಸೆರಗು ಹಿಡಿದಿದ್ದೆ, ತಮ್ಮ ಅವಳ ಸೊಂಟದಲ್ಲಿದ್ದ. ನಾನು ತೆಗೆಯಲಿಲ್ಲ ಎಂದು ದೀಪದ ಎದುರು ಅಮ್ಮ ಹೇಳಿದಳು. ಅಷ್ಟಕ್ಕೇ ಬಿಡಬಹುದಿತ್ತು. "ಬರೀ ಹಾಗೆ ಹೇಳಿದರೆ ಆಗುದಿಲ್ಲ ಕಮಲ. ಮಕ್ಕಳ ತಲೆ ಮೇಲೆ ಕೈ ಇಟ್ಟು ಹೇಳು," ಎಂದರು ದೊಡ್ಡತ್ತೆ. ನಮ್ಮ ಮನೆಮಾತು ತುಳು; ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಆ ಮಾತಿನ ತಣ್ಣನೆಯ ಧಾಟಿ ಯಾವ ಭಾಷೆಯಲ್ಲೂ ಬದಲಾಗುವುದಿಲ್ಲ. ಅಮ್ಮನ ಒಂದು ಕೈ ನನ್ನ ತಲೆಯ ಮೇಲೆ ಬಂತು, ಒಂದು ತಮ್ಮನ ತಲೆಯ ಮೇಲೆ. ಹೇಳಿದಳು. ಮದುವೆ ಆಯಿತು, ಸರೋಜಕ್ಕ ಸುಳ್ಯಕ್ಕೆ ಹೋದಳು. ಆಟಿ ತಿಂಗಳ ಜಡಿಮಳೆಯಲ್ಲಿ ತಮ್ಮನಿಗೆ ಜ್ವರ ಬಂತು, ಪಕ್ಕೆ ಒಳಕ್ಕೆ ಸೆಳೆಯತೊಡಗಿತು, ಮೂರನೆಯ ದಿನ ಹೋದ. ಮಗುವನ್ನು ಮಣ್ಣಿಗಿಟ್ಟು ಬಂದವರು ಅಂಗಳದಲ್ಲಿ ಕಾಲು ತೊಳೆಯುವಾಗಲೇ ಯಾರೋ ಅಂದರು, "ದೈವ ತೋರಿಸಿಕೊಟ್ಟಿತಲ್ಲ ಮಾರಾಯ್ರೆ."

ಆಮೇಲೆ ಅಮ್ಮನನ್ನು ಕಳ್ಳಿ ಎಂದು ಯಾರೂ ಬಾಯಿಬಿಟ್ಟು ಕರೆಯಲಿಲ್ಲ. ಅಗತ್ಯವಿರಲಿಲ್ಲ. ನೆಂಟರ ಮನೆಯ ಮದುವೆಗೆ ಹೋದರೆ ಹೆಣ್ಣಿಗೆ ಒಡವೆ ತೊಡಿಸುವ ಕೋಣೆಗೆ ಅವಳು ಹೋಗುವ ಹಾಗಿರಲಿಲ್ಲ; ಅವಳು ಹೊಸ್ತಿಲ ಹತ್ತಿರ ಬಂದರೆ ಒಳಗಿನ ಮಾತು ನಿಲ್ಲುತ್ತಿತ್ತು. ಬಾಣಂತಿಯರು ಅವಳ ಕೈಗೆ ಕೂಸು ಕೊಡುತ್ತಿರಲಿಲ್ಲ. ಅಜ್ಜಿ ಸಾಯುವವರೆಗೂ ಅವಳಿಂದ ನೀರು ಇಸಿದುಕೊಂಡಳು, ಮಾತು ಇಸಿದುಕೊಳ್ಳಲಿಲ್ಲ. ಅಮ್ಮನ ಕೈಯಲ್ಲಿದ್ದ ಎರಡು ಚಿನ್ನದ ಬಳೆ, ಕಿವಿಯ ಓಲೆ ಯಾವಾಗ ಹೋದವು, ಗಾಜಿನ ಬಳೆ ಯಾವಾಗ ಬಂತು ಎಂಬುದು ನನಗೆ ನೆನಪಿಲ್ಲ. ನೆನಪಿರುವುದು ಗಾಜಿನ ಬಳೆ ಮಾತ್ರ. ನಾನು ನರ್ಸಿಂಗ್ ಓದಿದೆ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದೆ. ಪಕ್ಕೆ ಸೆಳೆಯುವ ಮಗುವಿಗೆ ಏನಾಗಿರುತ್ತದೆ ಎಂದು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನನಗೆ ತಿಳಿಯಿತು. ಅದಕ್ಕೆ ನ್ಯುಮೋನಿಯಾ ಎನ್ನುತ್ತಾರೆ, ಸರಿಯಾದ ಹೊತ್ತಿಗೆ ಸೂಜಿಮದ್ದು ಕೊಟ್ಟರೆ ಮಗು ಬದುಕುತ್ತದೆ. ಅಮ್ಮನಿಗೆ ಹೇಳಿದೆ. ಅಮ್ಮ ತಲೆಯಾಡಿಸಿದಳು, ನಂಬಲಿಲ್ಲ. ಅಪ್ಪ ಹೋದ ಮೇಲೆ ಅವಳನ್ನು ಪುತ್ತೂರಿಗೆ ಕರೆತಂದೆ, ಆ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಕ್ಷಮಿಸುವುದು ದೊಡ್ಡ ಗುಣ ಎನ್ನುತ್ತಾರೆ. ನನ್ನಲ್ಲಿ ಆ ಗುಣ ಇಲ್ಲ. ದೊಡ್ಡತ್ತೆ ಒಂದು ದಿನ ಅದೇ ಜಾಗದಲ್ಲಿ ನಿಂತು ಬಾಯಿ ಬಿಡಬೇಕು ಎಂಬ ಆಸೆಯನ್ನು ನಾನು ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿ ಇಟ್ಟುಕೊಂಡಿದ್ದೆ.

ಹಾಗಿರುವಾಗ ಆ ಟ್ರಂಕು ತೆರೆದೆ. ರವಕೆಯ ತುಂಡು ಬಿಚ್ಚಿದಾಗ ನಾಗನ ಹೆಡೆ, ಕೆಂಪು ಕಲ್ಲು, ಪವನು, ಗುಂಡುಗಳ ಸಾಲು. ಇಷ್ಟು ವರ್ಷ ನಾನು ಯಾರ ಪರವಾಗಿ ಹಲ್ಲು ಕಡಿದುಕೊಂಡು ಬದುಕಿದೆನೋ ಅವಳ ಪೆಟ್ಟಿಗೆಯಲ್ಲೇ ಅದು ಇತ್ತು. ಒಡವೆಯಲ್ಲಿ ಬರೆದದ್ದು ಏನಾದರೂ ಇದ್ದರೆ ಅದು ಪವನಿನ ಮೇಲೆ ಮಾತ್ರ. ಭೂತಕನ್ನಡಿ ಹಿಡಿದು ನೋಡಿದೆ. ಒಂದು ಬದಿ ಗಡ್ಡದ ಗಂಡಸಿನ ತಲೆ, ಇನ್ನೊಂದು ಬದಿ ಕುದುರೆ ಸವಾರ, ಕೆಳಗೆ ಇಸವಿ. ಅಜ್ಜಿಯ ಮದುವೆಗಿಂತ ಎಷ್ಟೋ ಹಿಂದಿನ ಇಸವಿ. ಅಂದರೆ ಲೆಕ್ಕ ಸರಿಹೋಯಿತು, ಇದು ಅಜ್ಜಿಯದ್ದೇ. ಎರಡು ದಿನ ನಾನು ಅಮ್ಮನ ಫೋಟೋ ಎದುರು ದೀಪ ಹಚ್ಚಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದ್ದಾಳೆ ಎಂದೇ ಅನಿಸಿತು. ಮೂರನೆಯ ದಿನ ಪದಕವನ್ನು ಪರ್ಸಿನಲ್ಲಿಟ್ಟುಕೊಂಡು ಶೀನ ಆಚಾರ್ರ ಹತ್ತಿರ ಹೋದೆ. ತಂದೆಯ ಜಾಗದಲ್ಲಿ ಈಗ ಅವರಿದ್ದರು, ಎಪ್ಪತ್ತು ದಾಟಿದವರು. ನಾನು ಯಾವ ಮನೆಯವಳು ಎಂದು ಹೇಳಲಿಲ್ಲ. ತಾಯಿಯಿಂದ ಬಂದದ್ದು, ಎಷ್ಟು ಹಳೆಯದು ಅಂತ ತಿಳಿಯಬೇಕು ಎಂದೆ ಅಷ್ಟೆ.

ಅವರು ತುಂಬ ಹೊತ್ತು ತೆಗೆದುಕೊಂಡರು. ಹೆಡೆಯ ಬೆನ್ನು ಬಿಸಿ ಮಾಡಿ ಅರಗಿನ ಒಂದು ಚೂರು ಎಬ್ಬಿಸಿ ಬೆರಳಲ್ಲಿ ಪುಡಿ ಮಾಡಿ ನೋಡಿದರು, ಬೆಸುಗೆಯ ಗೆರೆಗಳನ್ನು ಒಂದೊಂದಾಗಿ ನೋಡಿದರು, ದಾರ ಹಾಯಿಸುವ ಕೊಂಡಿಯೊಳಗೆ ಸೂಜಿಯ ಮೊನೆ ಆಡಿಸಿದರು. ಇಸವಿ ಇದೆಯಲ್ಲ ಎಂದು ನಾನೇ ತೋರಿಸಿದೆ. "ಅದು ಪವನಿನ ಇಸವಿ ಅಕ್ಕ. ಒಡವೆಯದ್ದಲ್ಲ. ನೂರು ವರ್ಷದ ಪವನು ತಂದು ಕೊಟ್ಟರೆ ನಾನು ಇವತ್ತು ಇಂಥದ್ದು ಮಾಡಿ ಕೊಡ್ತೇನೆ," ಎಂದರು. ಆಮೇಲೆ ಆ ಕೊಂಡಿಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು. "ಇಲ್ಲಿ ನೋಡಿ. ಹಾಕಿಕೊಂಡ ಒಡವೆ ಆದರೆ ದಾರ ಉಜ್ಜಿ ಇಲ್ಲಿ ಸವೀಬೇಕು. ಇದರಲ್ಲಿ ಗೀಟು ಸಹ ಇಲ್ಲ. ಇದನ್ನು ಮಾಡಿದಂದಿನಿಂದ ಯಾರೂ ಹಾಕಿಕೊಳ್ಳಲಿಲ್ಲ." ಅಜ್ಜಿ ಅದನ್ನು ನಲವತ್ತು ವರ್ಷ ತೊಟ್ಟವಳು. ಅಂದರೆ ಇದು ಅವಳದ್ದಲ್ಲ. ಅವರು ಪದಕವನ್ನು ಕೆಳಗಿಟ್ಟು ಕನ್ನಡಕ ತೆಗೆದರು. "ನೀವು ಕಮಲಕ್ಕನ ಮಗಳಾ?" ಎಂದು ಕೇಳಿದರು. "ಇದು ನಾನು ಮಾಡಿದ್ದು. ತಂದೆಯ ಕೆಳಗೆ ಕೆಲಸ ಕಲಿತು ಒಬ್ಬನೇ ಪೂರ್ತಿ ಮಾಡಿದ ಮೊದಲ ಕೆಲಸ, ಗುರುತು ಸಿಗದೆ ಇರ್ತದಾ? ಮಗು ಹೋದ ಮೇಲೆ ಬಂದದ್ದು ನಿಮ್ಮಮ್ಮ. ಎರಡು ಬಳೆ, ಓಲೆ ಬಿಚ್ಚಿ ಕೊಟ್ಟು, ಅತ್ತೆಯದ್ದು ಹೇಗಿತ್ತೋ ಹಾಗೇ ಬೇಕು ಅಂದ್ರು. ಅತ್ತೆಯದ್ದರಲ್ಲಿ ರಾಣಿಯ ಪವನು ಇದ್ದದ್ದು, ತಲೆಗೆ ಸೆರಗು ಹೊದ್ದ ರಾಣಿ. ಅದು ಸಿಗಲಿಲ್ಲ, ಈ ಗಡ್ಡದ ರಾಜ ಸಿಕ್ಕಿದ. ನೀವು ತೆಗೀಲಿಲ್ಲ ಅಲ್ವಾ ಅಕ್ಕ, ಮತ್ತೆ ಯಾಕೆ ಇದು ಅಂತ ಕೇಳಿದೆ. ಗೊತ್ತಿಲ್ಲದೆ ದಾರಿಯಲ್ಲಿ ಬಿದ್ದಿದ್ದರೂ ತಪ್ಪು ನನ್ನದೇ, ಇನ್ನೊಂದು ಮಗು ಉಂಟಲ್ಲ ಅಂದ್ರು."

ಆ ಇನ್ನೊಂದು ಮಗು ನಾನು. ಅಮ್ಮ ತನ್ನ ಮೈಮೇಲಿನ ಚಿನ್ನವನ್ನೆಲ್ಲ ಕರಗಿಸಿದ್ದು ನನ್ನ ತಲೆಯ ಮೇಲಿಟ್ಟ ಆಣೆಯನ್ನು ಬಿಡಿಸಿಕೊಳ್ಳಲು. ಮತ್ತೆ ಯಾಕೆ ಅಜ್ಜಿಗೆ ಕೊಡಲಿಲ್ಲ ಎಂದು ಕೇಳಿದೆ. ಆಚಾರ್ರು ತಲೆ ತಗ್ಗಿಸಿದರು. ಒಯ್ಯುವ ದಿನ ಅಮ್ಮ ಅವರನ್ನೇ ಕೇಳಿದಳಂತೆ, ಕೊಟ್ಟರೆ ಜನ ಏನು ತಿಳಿಯುತ್ತಾರೆ ಎಂದು. ಕೊಟ್ಟರೆ ನೀವೇ ತೆಗೆದದ್ದು ಅಂತ ಆಗುತ್ತದೆ ಎಂದು ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಕೊಟ್ಟರೆ ಕಳ್ಳಿ, ಕೊಡದಿದ್ದರೆ ಮಗಳ ಜೀವಕ್ಕೆ ಹೆದರಿಕೆ. ಅಮ್ಮ ಐವತ್ತು ವರ್ಷ ಆ ನಡುವೆ ಬದುಕಿದ್ದಳು. ನನಗೆ ಸಾಧಾರಣ ನೆಗಡಿಯಾದರೂ ಅವಳು ಮೂಲೆ ಹಿಡಿದು ಕೂರುತ್ತಿದ್ದದ್ದು ಯಾಕೆ ಎಂದು ಆ ಓಣಿಯಲ್ಲಿ ನನಗೆ ಗೊತ್ತಾಯಿತು. ನನಗೆ ಅಳು ಬಂತು. ಆಚಾರ್ರು ಎದ್ದು ಬಾಗಿಲು ಅರ್ಧ ಮುಚ್ಚಿದರು, ವಾಪಸು ಬಂದು ಕೂತರು. "ಒಂದು ಮನೆಯ ಚಿನ್ನದ ಸುದ್ದಿ ಇನ್ನೊಬ್ಬರ ಹತ್ತಿರ ಹೇಳಬಾರದು ಅಂತ ನಮ್ಮ ತಂದೆ ಕಲಿಸಿದ್ದು. ನೀವು ಆ ಮನೆಯವರೇ ಅಲ್ವಾ, ಹಾಗಾಗಿ ಹೇಳ್ತೇನೆ. ನಾಲ್ಕು ವರ್ಷದ ಹಿಂದೆ ದೈವದ ಕೋಣೆ ಜೀರ್ಣೋದ್ಧಾರ ಮಾಡುವಾಗ ದೈವದ ಅಪ್ಪಣೆ ಕೇಳಿ ಹರಕೆಯ ಪೆಟ್ಟಿಗೆ ಒಡೆದರಲ್ಲ, ಬಂದ ಒಡವೆ ತೊಳೆಯಲಿಕ್ಕೆ ನನ್ನನ್ನು ಕರೆದರು. ರಾಣಿಯ ಪದಕ ಅದರಲ್ಲಿ ಉಂಟು. ತಂದೆ ತೇಪೆ ಹಾಕಿದ ಗುರುತು ಸಹ ಉಂಟು."

ಮುಂದಿನ ತಂಬಿಲಕ್ಕೆ, ಅಂದರೆ ದೈವಕ್ಕೆ ವರ್ಷಕ್ಕೊಮ್ಮೆ ಸೇವೆ ಕೊಡುವ ದಿನಕ್ಕೆ, ನಾನು ಹೋದೆ. ಚಿಕ್ಕಪ್ಪನ ಮಗ ದಿನೇಶ ಈಗ ಮನೆ ನಡೆಸುವವನು. ಚಾವಡಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಟೈಲ್ಸ್ ಹಾಕಿದ ಹಾಲ್, ಗೋಡೆಗೆ ಟೀವಿ, ಕಾಲಿಗೆ ಜಾರುವ ನೆಲ. ಅಜ್ಜಿ ಒರಗುತ್ತಿದ್ದ ಗೋಡೆ ಎಲ್ಲಿತ್ತು ಎಂದು ಅಂದಾಜು ಮಾಡಲು ನೋಡಿದೆ, ಆಗಲಿಲ್ಲ. ದೈವದ ಕೋಣೆಯ ಎದುರು ಎಲ್ಲ ಸೇರಿದ್ದರು. ತೊಂಬತ್ತರ ಹತ್ತಿರದ ದೊಡ್ಡತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪಕ್ಕದಲ್ಲಿ ತಲೆಯೆಲ್ಲ ಬೆಳ್ಳಗಾದ ಸರೋಜಕ್ಕ. ದೈವದ ಒಡವೆಗಳನ್ನು ಬಾಳೆ ಎಲೆಯ ಮೇಲೆ ಹರಡಿದ್ದರು. ಸೆರಗು ಹೊದ್ದ ರಾಣಿ ನಡುವಿನಲ್ಲೇ ಇದ್ದಳು. ಸೇವೆ ಮುಗಿಯುವವರೆಗೆ ಕಾದೆ. ಆಮೇಲೆ ಪರ್ಸಿನಿಂದ ನನ್ನ ಪದಕ ತೆಗೆದು ಅದರ ಪಕ್ಕದಲ್ಲಿಟ್ಟೆ. "ಅರೆ, ಜೋಡಿಯಾ ಇದು?" ಎಂದ ದಿನೇಶ. "ಜೋಡಿ ಅಲ್ಲ. ಅದು ಅಜ್ಜಿಯದ್ದು. ಅದನ್ನು ಕದ್ದಳು ಅಂತ ಹೇಳಿ ನನ್ನ ಅಮ್ಮನಿಂದ ಇದೇ ಜಾಗದಲ್ಲಿ ಆಣೆ ಹಾಕಿಸಿದರು. ಇದು ಆಣೆಗೆ ಹೆದರಿ ಅಮ್ಮ ಮಾಡಿಸಿದ್ದು. ಅಜ್ಜಿಯದ್ದು ದೈವದ ಪೆಟ್ಟಿಗೆಗೆ ಹೇಗೆ ಹೋಯ್ತು ಅಂತ ದೊಡ್ಡತ್ತೆ ಹೇಳ್ತಾರೆ," ಎಂದೆ. ಅವರು ಹೇಳುವುದಿಲ್ಲ ಎಂದುಕೊಂಡಿದ್ದೆ. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಆದರೆ ಅವರು ಹೇಳಿದರು, ಯಾರೋ ಕೇಳಲಿ ಎಂದು ಕಾಯುತ್ತಿದ್ದವರ ಹಾಗೆ. "ಸರೋಜನಿಗೆ ಎಲ್ಲಿಯೂ ಕೂಡಿ ಬರ್ತಿರಲಿಲ್ಲ. ತಂದೆ ಇಲ್ಲದ ಹುಡುಗಿ. ಕೂಡಿ ಬಂದರೆ ಚಿನ್ನ ಕೊಡ್ತೇನೆ ಅಂತ ಹೇಳಿಕೊಂಡೆ. ನನ್ನ ಹತ್ತಿರ ಎಂತ ಇತ್ತು ಕೊಡ್ಲಿಕ್ಕೆ? ಅಮ್ಮನ ಪದಕ ಹಾಕಿದೆ. ಬಾಯಿಬಿಟ್ಟರೆ ಹರಕೆ ಸಲ್ಲುದಿಲ್ಲ, ಮದುವೆ ಮುರೀತದೆ ಅಂತ ಸುಮ್ಮನೆ ಕೂತೆ."

"ಸುಮ್ಮನೆ ಕೂರಲಿಲ್ಲ ನೀವು. ಮಕ್ಕಳ ತಲೆ ಮೇಲೆ ಕೈ ಇಡಿಸಿದ್ದು ಯಾಕೆ?" ಎಂದೆ. ಅವರು ನನ್ನನ್ನೇ ನೋಡಿದರು. "ಕಮಲ ತೆಗೀಲಿಲ್ಲ ಅಂತ ನನಗೆ ಗೊತ್ತಿತ್ತಲ್ಲ ಮಗಾ. ಸತ್ಯದ ಆಣೆ ಯಾರಿಗೂ ತಾಗುದಿಲ್ಲ. ಮಕ್ಕಳ ಮೇಲೆ ಹಾಕಿದರೆ ಎಲ್ಲರೂ ನಂಬ್ತಾರೆ, ಅಲ್ಲಿಗೆ ಅವಳ ಮೇಲಿನ ಮಾತು ನಿಲ್ತದೆ ಅಂತ ಮಾಡಿದ್ದು. ಆ ಕೂಸು ಹಾಗೆ ಹೋಗ್ತದೆ ಅಂತ ಎಂತ ಗೊತ್ತು? ಹೋದ ಮೇಲೆ ಯಾವ ಬಾಯಲ್ಲಿ ಹೇಳುದು?" ಆ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅದು ಸುಳ್ಳಲ್ಲ. ಅವರ ನಂಬಿಕೆ ಅಷ್ಟು ಗಟ್ಟಿ ಇತ್ತು, ನಮ್ಮ ತಲೆಗಳನ್ನು ಒತ್ತೆ ಇಡುವಷ್ಟು ಗಟ್ಟಿ. ಆದರೆ ಆ ಹೊತ್ತಿನಲ್ಲಿ ನನಗೆ ಕರುಣೆ ಬರಲಿಲ್ಲ. "ಇನ್ನೊಮ್ಮೆ ಹೇಳಿ. ಹಿಂದೆ ಕೂತವರಿಗೆ ಕೇಳಲಿಲ್ಲ," ಎಂದೆ. ಸರೋಜಕ್ಕ ನನ್ನ ಕೈ ಹಿಡಿಯಲು ಬಂದಳು, ಬಿಡಿಸಿಕೊಂಡೆ. ದೊಡ್ಡತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. "ಕಮಲ ತೆಗೀಲಿಲ್ಲ. ತೆಗೆದದ್ದು ನಾನು." ಸುಳ್ಳು ಹೇಳುವುದಿಲ್ಲ, ನನಗೆ ಸುಖವಾಯಿತು. ಅಷ್ಟರಲ್ಲಿ ದಿನೇಶನ ಸೊಸೆ ಪಕ್ಕದವಳನ್ನು ಮೆಲ್ಲ ಕೇಳಿದ್ದು ಕಿವಿಗೆ ಬಿತ್ತು: ಕಮಲ ಅಂದರೆ ಯಾರು? ಪಕ್ಕದವಳಿಗೂ ಗೊತ್ತಿರಲಿಲ್ಲ. ಅಮ್ಮನನ್ನು ಕಂಡು ಮಾತು ನಿಲ್ಲಿಸುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಅಲ್ಲಿ ಉಳಿದಿರಲಿಲ್ಲ. ಆ ಕಳಂಕವನ್ನು ದಿನವೂ ಹೊತ್ತುಕೊಂಡು ಬದುಕಿದ್ದವರು ಇಡೀ ಲೋಕದಲ್ಲಿ ನಾವಿಬ್ಬರೇ, ದೊಡ್ಡತ್ತೆ ಮತ್ತು ನಾನು. ನನ್ನ ಪದಕ ಎತ್ತಿಕೊಂಡು, ಊಟ ಮಾಡದೆ ಬಂದೆ.

ಮೂರು ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಗಂಜಿ ಉಣ್ಣುವಾಗ ದೊಡ್ಡತ್ತೆಗೆ ನೆತ್ತಿಗೆ ಹತ್ತಿತು. ಎರಡು ದಿನಕ್ಕೆ ಜ್ವರ, ಏದುಸಿರು. ಪುತ್ತೂರಿನ ಆಸ್ಪತ್ರೆಗೆ ತಂದರು, ಅಲ್ಲೇ ಹೋದರು. ಆ ವಯಸ್ಸಿನಲ್ಲಿ ನೆತ್ತಿಗೆ ಹತ್ತಿದ್ದು ಶ್ವಾಸಕೋಶಕ್ಕೆ ಇಳಿದರೆ ಹೀಗೇ ಆಗುತ್ತದೆ. ನನ್ನ ಕೈಯಡಿಯಲ್ಲೇ ಇಂಥ ಮುದುಕರು ಎಷ್ಟೋ ಮಂದಿ ಹೋಗಿದ್ದಾರೆ. ಬೊಜ್ಜದ ದಿನ, ಉತ್ತರಕ್ರಿಯೆಗೆ, ಹೋದೆ. ಹೋಗದಿದ್ದರೂ ಆಗುತ್ತಿತ್ತು. ಹಿತ್ತಲಿನಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಗಸರು ನಾನು ಬಂದದ್ದು ನೋಡಿ ಜಾಗ ಮಾಡಿಕೊಟ್ಟರು. ತಂಬಿಲದಲ್ಲಿ ಕಮಲ ಯಾರು ಎಂದು ಕೇಳಿದ ಹುಡುಗಿಯೇ ಈಗ ಕತೆ ಹೇಳುತ್ತಿದ್ದಳು, ಎಲ್ಲ ಬಲ್ಲವಳ ಹಾಗೆ. ದೈವದ ಎದುರು ಬಾಯಿ ಬಿಟ್ಟು ಹೇಳಿ ತಿಂಗಳು ತುಂಬಲಿಲ್ಲ, ತೋರಿಸಿಕೊಟ್ಟಿತು ನೋಡಿ ಎಂದಳು. ಉಳಿದವರು ಹೌದೆಂದರು. ಸರೋಜಕ್ಕನಿಗೆ ಅದು ಕೇಳುವ ಹಾಗೆಯೇ ಹೇಳುತ್ತಿದ್ದರು. ಅವಳು ಒಂದು ಲೋಟ ಕಾಫಿ ತಂದು ನನ್ನ ಕೈಗೆ ಕೊಟ್ಟು ಅಲ್ಲೇ ನಿಂತಳು. ತನ್ನ ಮದುವೆಗಾಗಿ ಹರಕೆ ಹೇಳಿಕೊಂಡದ್ದು ಅವಳಿಗೆ ತಿಳಿದೇ ಇರಲಿಲ್ಲ. ನನ್ನ ತಲೆಯ ಮೇಲೆ ಕೈ ಬಂದಾಗ ನನಗೆ ಎಷ್ಟು ಅರ್ಥವಾಗಿತ್ತೋ ಅಷ್ಟೇ ಅವಳಿಗೂ. "ಶಶಿ, ನೀನು ನರ್ಸ್ ಆಗಿದ್ದವಳು," ಎಂದಳು ಮೆಲ್ಲಗೆ. "ಅಮ್ಮನಿಗೆ ಆದದ್ದು ವಯಸ್ಸಿಗೆ ಆಗುದಲ್ವಾ? ಕಫ ಕಟ್ಟಿದ್ದಲ್ವಾ? ನೀನೊಂದು ಮಾತು ಹೇಳಿದರೆ ಇವರು ನಂಬ್ತಾರೆ." ಹೆಂಗಸರು ಹೆಚ್ಚುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಆ ಕಾಯಿಲೆಯ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ತಮ್ಮನನ್ನು ಕೊಂಡುಹೋದ ಹೆಸರೂ ಅದೇ. ನಾನು ಕಾಫಿ ಪೂರ್ತಿ ಕುಡಿದೆ.

"ಅದೆಲ್ಲ ನಮಗೆ ಎಂತ ಗೊತ್ತಾಗ್ತದೆ ಸರೋಜಕ್ಕ," ಎಂದು ಲೋಟವನ್ನು ಅವಳ ಕೈಗೆ ಕೊಟ್ಟೆ.